ಒಂಬತ್ತನೇ ದಿನದ ಕೋಪ

ನನ್ನ ಕೆಲಸ ಬೇರೆಯವರ ರಕ್ತ ತೆಗೆಯುವುದು. ಇಂದಿರಾನಗರದ ಒಂದು ಅಡ್ಡರಸ್ತೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಬೆಳಗ್ಗೆ ಆರೂವರೆಗೆ ಬಿಳಿ ಕೋಟು ತೊಟ್ಟು ನಿಲ್ಲುತ್ತೇನೆ. ಕಾಫಿ ಕುಡಿಯದೆ ಬಂದು ಸಿಡುಕುವ ಮುದುಕರು, ಸೂಜಿ ಕಂಡರೆ ಮುಖ ತಿರುಗಿಸುವ ಗಟ್ಟಿಮುಟ್ಟಾದ ಗಂಡಸರು, ತಾಯಿಯ ತೊಡೆಯ ಮೇಲೆ ಒದ್ದಾಡುವ ಮಕ್ಕಳು, ಎಲ್ಲರ ನರವೂ ನನ್ನ ಬೆರಳಿಗೆ ಸಿಗುತ್ತದೆ. ಅಂಥ ನಾನು ನನ್ನ ಮೈಯಲ್ಲಿ ನಡೆಯುತ್ತಿರುವುದನ್ನು ತಿಳಿಯಲು ಒಂಬತ್ತು ವರ್ಷ ತೆಗೆದುಕೊಂಡೆ.

ನಾನು ಸೇರಿದ ಮನೆ ದೊಮ್ಮಲೂರಿನ ಹಳೇ ಊರಿನೊಳಗಿದೆ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಗಾಜಿನ ಆಫೀಸುಗಳು ನಿಂತಿವೆ. ಉಳಿದ ಜಾಗದಲ್ಲಿ ಮನೆಯವರು ನಾಲ್ಕು ಅಂತಸ್ತು ಎಬ್ಬಿಸಿ, ಮೇಲಿನೆರಡು ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ಅತ್ತೆ ಮತ್ತು ಭಾವನ ಸಂಸಾರ, ಒಂದನೇ ಮಹಡಿಯಲ್ಲಿ ನಾನು, ಗಂಡ, ಮಗಳು. ಅಡುಗೆ ಮಾತ್ರ ಎಲ್ಲರಿಗೂ ಕೆಳಗಡೆಯೇ.

ಮಗಳು ಹುಟ್ಟಿದ ಮೇಲೆ ಅದು ಶುರುವಾಯಿತು. ಮುಟ್ಟಿಗೆ ಹತ್ತು ದಿನ ಇರುವಾಗಲೇ ಎದೆ ಕಲ್ಲಿನಂತಾಗುತ್ತಿತ್ತು. ಬೆರಳಿನ ಉಂಗುರ ಬಿಗಿಯಾಗುತ್ತಿತ್ತು. ಆಮೇಲೆ ತಲೆಯೊಳಗೆ ಯಾರೋ ಎಲ್ಲ ಶಬ್ದಗಳನ್ನೂ ಜೋರು ಮಾಡಿಟ್ಟಂತೆ. ಮೇಲಿನ ಮನೆಯವರು ಮಿಕ್ಸಿ ಹಾಕಿದರೆ ಮೈ ನಡುಗುತ್ತಿತ್ತು. ಮಗಳು ಎರಡು ಸಲ 'ಅಮ್ಮಾ' ಅಂದರೆ ಕಿರುಚುತ್ತಿದ್ದೆ, ಕಿರುಚಿ ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಗಂಡನ ಒಂದು ನಿಟ್ಟುಸಿರು ಸಾಕಿತ್ತು, ಮದುವೆಯಾದಾಗಿನಿಂದ ಆದ ತಪ್ಪುಗಳನ್ನೆಲ್ಲ ಎಳೆದು ತರುತ್ತಿದ್ದೆ. ಮುಟ್ಟಾದ ಎರಡನೇ ದಿನ, ಬೆನ್ನ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡಂತೆ ಎಲ್ಲ ತಿಳಿಯಾಗುತ್ತಿತ್ತು. ಆಗ ನಾನು ಕಂಡಕಂಡವರಲ್ಲಿ ಕ್ಷಮೆ ಕೇಳುತ್ತಾ ತಿರುಗುತ್ತಿದ್ದೆ. ತಿಂಗಳ ಅರ್ಧ ಜಗಳಕ್ಕೆ, ಇನ್ನರ್ಧ ಆ ಜಗಳಕ್ಕೆ ತೇಪೆ ಹಾಕುವುದಕ್ಕೆ ಹೋಗುತ್ತಿತ್ತು.

ಅತ್ತೆ ಹಲಸೂರಿನಲ್ಲಿ ಮಂತ್ರಿಸಿದ ದಾರ ತಂದು ಕಟ್ಟಿದರು. ಗಂಡ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದ. ಅವರು ಫೋನಿನಿಂದ ಕಣ್ಣೆತ್ತದೆ, "ಇನ್ನೊಂದು ಮಗು ಮಾಡ್ಕೊಳ್ಳಿ, ಎಲ್ಲಾ ಸರಿಹೋಗುತ್ತೆ" ಅಂದರು. ಕೊನೆಗೆ ನಮ್ಮ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಿಕೊಂಡೆ. ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್, ಹಾರ್ಮೋನು, ಎಲ್ಲವೂ ಇರಬೇಕಾದಷ್ಟೇ ಇದ್ದವು. ರಿಪೋರ್ಟನ್ನು ನಾನೇ ಪ್ರಿಂಟ್ ತೆಗೆದು ಎರಡು ಸಲ ಓದಿದೆ. ವರ್ಷಗಟ್ಟಲೆ ರಿಪೋರ್ಟುಗಳನ್ನೇ ನಂಬಿ ಬದುಕಿದವಳು ನಾನು. ರಕ್ತದಲ್ಲಿ ಏನೂ ಇಲ್ಲ ಎಂದಾದರೆ ಕೆಟ್ಟಿರುವುದು ನನ್ನ ಸ್ವಭಾವವೇ ಇರಬೇಕು ಅಂದುಕೊಂಡೆ. ಆ ತೀರ್ಮಾನ ಹೊತ್ತುಕೊಂಡೇ ಮೂರು ವರ್ಷ ಕಳೆದೆ.

ಭಾವನ ಮಗಳು ದೊಡ್ಡವಳಾದಾಗ ಆರತಿ ಇಟ್ಟುಕೊಂಡರು. ಹದಿಮೂರು ವರ್ಷದ ಹುಡುಗಿ. ಮನೆ ಮುಂದೆ ಪೆಂಡಾಲು, ಇನ್ನೂರು ಜನಕ್ಕೆ ಊಟ. ಹುಡುಗಿಯನ್ನು ಜರಿ ಸೀರೆಯಲ್ಲಿ ಸುತ್ತಿ ಮಣೆಯ ಮೇಲೆ ಕೂರಿಸಿದ್ದರು. ಬಂದ ಹೆಂಗಸರೆಲ್ಲ ಬಾಯಿಗೆ ಚಿಗಳಿ ಉಂಡೆ ತುರುಕಿ, ಕೆನ್ನೆ ಹಿಂಡಿ, ಫೋಟೋಗೆ ನಿಲ್ಲುತ್ತಿದ್ದರು. ಅವಳು ಎರಡು ಸಲ "ಹೊಟ್ಟೆ ನೋಯ್ತಿದೆ" ಅಂದಳು. ಯಾರೋ "ಇವತ್ತು ಹಂಗೆಲ್ಲಾ ಅನ್ಬಾರ್ದು, ನಗು" ಅಂದರು. ಫೋಟೋದವನು ಲೈಟನ್ನು ಅವಳ ಮುಖಕ್ಕೆ ಇನ್ನೂ ಹತ್ತಿರ ತಂದ.

ಆಗ ನನಗೆ ಮುಟ್ಟಿಗೆ ಮುಂಚಿನ ಆ ದಿನಗಳು. ಎದ್ದು ಹೋಗಿ ಲೈಟಿನ ಕಂಬವನ್ನು ತಳ್ಳಿಬಿಟ್ಟೆ. ಅದು ಮಗುಚಿ ಬಲ್ಬು ಒಡೆಯಿತು. "ನೋವು ಅಂತಿದಾಳೆ. ಕಿವಿ ಇಲ್ವಾ ನಿಮ್ಗೆಲ್ಲಾ?" ಅಂತ ಕೂಗಿದ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ವಾದ್ಯದವರು ಕೂಡ ನಿಲ್ಲಿಸಿದರು.

ಮಾರನೇ ಬೆಳಗ್ಗೆ ಅತ್ತೆ ಮೆಲ್ಲಗೇ ಹೇಳಿದರು. "ಸ್ವಲ್ಪ ದಿನ ತವರಲ್ಲಿ ಇದ್ದು ಬಾಮ್ಮಾ. ಮಗು ನಮ್ಮತ್ರ ಇರ್ಲಿ." ಗಂಡ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

ನನ್ನ ತವರು ಕೆ.ಆರ್. ಪುರ. ಬಟ್ಟೆಯ ಬ್ಯಾಗು ಹಿಡಿದು ಹೊರಟವಳು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸಲು ಇಳಿದೆ. ಹತ್ತು ಗಂಟೆಯ ಬಿಸಿಲು, ಹಾರ್ನು, ಹೊಗೆ, ಜನ. ಓಲ್ಡ್ ಮದ್ರಾಸ್ ರೋಡಿನಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಒಂದು ಹೆಜ್ಜೆ ಮುಂದಿಟ್ಟರೆ ಎಲ್ಲರಿಗೂ ನೆಮ್ಮದಿ ಅನ್ನಿಸಿತು. ಬಹಳ ತಣ್ಣಗೆ, ಅಂಗಡಿಯ ಸಾಮಾನಿನ ಪಟ್ಟಿ ನೆನಪಾಗುವಷ್ಟು ಸಹಜವಾಗಿ ಅನ್ನಿಸಿತು. ಆ ಸಹಜತೆಗೇ ಹೆದರಿ ಹಿಂದಕ್ಕೆ ಸರಿದು, ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಜೊತೆ ಕೆಲಸದವಳಿಗೆ ಫೋನು ಮಾಡಿದೆ.

ಅವಳು ಲ್ಯಾಬಿನ ರಿಸೆಪ್ಷನ್ ನೋಡಿಕೊಳ್ಳುವವಳು. ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರದ ಮನೆತನ. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ, ಸಿಟ್ಟು ಬಂದಾಗ ಎರಡೂ. ನಾನು ಏನು ಹೇಳಿದೆನೋ, ಅವಳು ಏನು ಕೇಳಿಸಿಕೊಂಡಳೋ. "ಎಲ್ಲಿದೀಯ ಹೇಳು. ಕೂತ್ಕೊಂಡೇ ಇರು, ಏಳ್ಬೇಡ. ಫೋನ್ ಇಡ್ಬೇಡ" ಅಂದಳು. ಆಟೋದಲ್ಲಿ ಬರುವವರೆಗೂ ಮಾತಾಡುತ್ತಲೇ ಇದ್ದಳು. ಆವತ್ತಿನ ಪೇಷೆಂಟುಗಳು, ಅವಳ ಅಮ್ಮ ಮಾಡಿದ ಖೀಮಾ, ಕೆಟ್ಟ ಪ್ರಿಂಟರು, ಏನೇನೋ. ಬಂದವಳು ಬ್ಯಾಗನ್ನು ಕಿತ್ತುಕೊಂಡು ನನ್ನನ್ನು ನೇರ ಲ್ಯಾಬಿಗೆ ಕರೆದೊಯ್ದಳು. ತನ್ನ ಟೇಬಲ್ಲಿನ ಡ್ರಾಯರು ತೆಗೆದು ಐದು ಲಕೋಟೆ ಹೊರಗಿಟ್ಟಳು.

ಅವು ನನ್ನ ರಾಜೀನಾಮೆ ಪತ್ರಗಳು. ಒಂದು ವರ್ಷದೊಳಗೆ ಬರೆದವು. ಮ್ಯಾನೇಜರಿಗೆ ಕೊಡು ಎಂದು ಅವಳ ಕೈಗೆ ಕೊಟ್ಟಿದ್ದೆ. ಆಮೇಲೆ ನನಗೇ ನಾಚಿಕೆಯಾಗಿ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಡೇಟ್ ನೋಡು," ಅಂದಳು. "ನೀನು ಲೆಟರ್ ಕೊಡ್ತೀಯ. ನಾಲ್ಕೈದು ದಿನಕ್ಕೆ ನನ್ನತ್ರಾನೇ ಬಂದು ಪ್ಯಾಡ್ ಇದ್ಯಾ ಅಂತ ಕೇಳ್ತೀಯ. ಐದು ಸಲಾನೂ ಹಂಗೇ. ಅದಕ್ಕೇ ನಾನು ಕೊಡ್ಲಿಲ್ಲ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನಿನ್ ಡೇಟಿಗೂ ಸಿಟ್ಟಿಗೂ ಸಂಬಂಧ ಇದೆ ಅಂತ ಒಂದ್ಸಲ ಹೇಳಿದ್ದೆ ಕಣೇ. ಆಗ ನೀನು ನನ್ಗೇ ಬೈದೆ. ಚಲ್, ನಮ್ಮಕ್ಕನ್ನ ನೋಡಿದ ಡಾಕ್ಟರ್ ಒಬ್ರು ಇದಾರೆ."

ಕಾಕ್ಸ್ ಟೌನಿನಲ್ಲಿ ಬೇಕರಿಯ ಪಕ್ಕದ ಹಳೇ ಮನೆಯ ಮುಂದಿನ ಕೋಣೆಯೇ ಆ ಡಾಕ್ಟರ ಕ್ಲಿನಿಕ್ಕು. ಅರವತ್ತು ದಾಟಿದ ಹೆಂಗಸು. ಮನೆಮಾತು ತಮಿಳು, ಕನ್ನಡದಲ್ಲೂ ಅದರದ್ದೇ ಧಾಟಿ. ನಾನು ನನ್ನ ರಿಪೋರ್ಟು ಮುಂದಿಟ್ಟು, ಇನ್ನೂ ದೊಡ್ಡ ಹಾರ್ಮೋನು ಪರೀಕ್ಷೆ ಬರೆದುಕೊಡಿ ಎಂದೆ.

"ಎದುಕ್ಕು ಮಾ?" ಅಂದರು. "ಏನಕ್ಕೆ? ನಿನ್ ಹಾರ್ಮೋನು ಸರಿಯಾಗೇ ಇದೆ. ತಿಂಗಳಲ್ಲಿ ಅದು ಏರುತ್ತೆ, ಇಳಿಯುತ್ತೆ, ಎಲ್ಲಾ ಹೆಂಗಸರಿಗೂ ಅಷ್ಟೇ. ಕೆಲವರ ಮಿದುಳಿಗೆ ಆ ಏರಿಳಿತ ತಡಿಯಲ್ಲ. ಅದು ರಕ್ತದಲ್ಲಿ ಕಾಣಲ್ಲಮ್ಮಾ. ಕ್ಯಾಲೆಂಡರಲ್ಲಿ ಕಾಣುತ್ತೆ."

ಆಮೇಲೆ ಅವರು ನೇರವಾಗಿ, ದನಿ ಬದಲಿಸದೆ, "ಸಾಯ್ಬೇಕು ಅನ್ಸುತ್ತಾ?" ಎಂದು ಕೇಳಿದರು. ಅದುವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಟಿನ್ ಫ್ಯಾಕ್ಟರಿಯ ಲಾರಿಗಳ ವಿಷಯ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಗೆಳತಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಡಾಕ್ಟರು ಗಾಬರಿ ಬೀಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಗೆಳತಿಯ ನಂಬರು ಬರೆದುಕೊಂಡರು, ಮೂರು ದಿನಕ್ಕೆ ಮತ್ತೆ ಬರಲು ಹೇಳಿದರು. ತವರಿನಲ್ಲಿ ಒಬ್ಬಳೇ ಇರಬಾರದು ಅಂದರು. "ಆ ಯೋಚನೆ ಮತ್ತೆ ಬಂದ್ರೆ ಅಪಾಯಿಂಟ್ಮೆಂಟ್ ಕಾಯ್ಬೇಡ. ಅವತ್ತೇ ಬಾ, ಬಾಗಿಲು ತಟ್ಟು."

ಕೊಟ್ಟದ್ದು ಒಂದು ಹಾಳೆ. ಎಡಗಡೆ ಸಾಲಾಗಿ ಕೋಪ, ಅಳು, ಭಯ, ನಿದ್ದೆ, ನೋವು, ಊತ. ಮೇಲೆ ದಿನಗಳು, ಮುಟ್ಟಿನ ಮೊದಲ ದಿನವೇ ಒಂದು. ಪ್ರತಿದಿನ ಒಂದೊಂದಕ್ಕೂ ಒಂದರಿಂದ ಆರರವರೆಗೆ ಅಂಕ ಹಾಕಬೇಕು. ಒಂದು ಅಂದರೆ ಇಲ್ಲ, ಆರು ಅಂದರೆ ತಡೆಯಲಾಗದು. ಎರಡು ತಿಂಗಳು. "ನೆನಪಿಂದ ಬರೀಬೇಡ, ಆವತ್ತಿಂದು ಆವತ್ತೇ. ಸಿಟ್ಟು ಬಂದಾಗ ಎಲ್ಲಾ ದಿನಾನೂ ಕೆಟ್ಟದ್ದೇ ಅನ್ಸುತ್ತೆ. ತಿಂಗಳಿಡೀ ಆರೇ ಬಂದ್ರೆ ಅದು ಬೇರೆ ಕಾಯಿಲೆ, ಅದಕ್ಕೆ ಬೇರೆ ಮದ್ದು."

ವಾರ ಕಳೆದು ತವರಿನಿಂದ ದೊಮ್ಮಲೂರಿಗೆ ನಾನಾಗಿಯೇ ವಾಪಸ್ಸು ಹೋದೆ. ಯಾರೂ ಕರೆಯಲು ಬಂದಿರಲಿಲ್ಲ. ಕರೆಯಲಿ ಎಂದು ನಾನೂ ಕಾಯಲಿಲ್ಲ. ಪ್ರತಿದಿನ ಊಟದ ಬಿಡುವಿನಲ್ಲಿ ಸ್ಯಾಂಪಲ್ಲುಗಳ ಕೋಣೆಯಲ್ಲಿ ಕೂತು ಅಂಕ ಹಾಕಿದೆ. ಎರಡು ತಿಂಗಳು ಮುಗಿದಾಗ ಹಾಳೆಯನ್ನು ದೂರ ಹಿಡಿದು ನೋಡಿದೆ. ಮುಟ್ಟು ಮುಗಿದ ಮೇಲಿನ ದಿನಗಳಲ್ಲಿ ಸಾಲುಸಾಲು ಒಂದು. ಹದಿನೇಳರ ಹತ್ತಿರ ಎರಡು, ಮೂರು. ಇಪ್ಪತ್ತೆರಡರಿಂದ ಐದು, ಆರು, ಆರು. ಮುಟ್ಟಾದ ಎರಡು ದಿನಕ್ಕೆ ಮತ್ತೆ ಒಂದು. ಎರಡನೇ ತಿಂಗಳೂ ಅದೇ ಗುಡ್ಡ, ಅದೇ ಬಯಲು. ಒಂಬತ್ತು ವರ್ಷ ಕೆಟ್ಟವಳು ಅನ್ನಿಸಿಕೊಂಡ ನನ್ನ ಮೊದಲ ನಿಜವಾದ ರಿಪೋರ್ಟು ಅದು. ಬರೆದವಳು ನಾನೇ. ಅವತ್ತು ಅಳಲಿಲ್ಲ. ನನಗೆ ಸಿಟ್ಟು ಬಂತು, ಇಷ್ಟು ಸುಲಭದ ಲೆಕ್ಕವನ್ನು ಇಷ್ಟು ವರ್ಷ ಯಾರೂ ನನ್ನಿಂದ ಮಾಡಿಸಲಿಲ್ಲವಲ್ಲ ಎಂದು.

ಡಾಕ್ಟರು ಹೆಸರು ಹೇಳಿದರು. ಮುಟ್ಟಿಗೆ ಮುಂಚಿನ ಕಿರಿಕಿರಿಗೆ ಪಿಎಂಎಸ್ ಅನ್ನುತ್ತಾರೆ, ಬಹಳ ಹೆಂಗಸರಿಗೆ ಅದು ಅಷ್ಟೋ ಇಷ್ಟೋ ಇರುತ್ತದೆ. ನನ್ನದು ಅದರ ತೀವ್ರ ರೂಪ, ಪಿಎಂಡಿಡಿ. ನಡಿಗೆ, ನಿದ್ದೆ, ಕಾಫಿ ಕಡಿಮೆ ಮಾಡುವುದು, ಕೌನ್ಸೆಲರ ಜೊತೆ ಮಾತು, ಇವೆಲ್ಲ ಇರಲಿ, ಆದರೆ ಆರು ಅಂಕ ಬಿದ್ದ ನನ್ನ ದಿನಗಳಿಗೆ ಅಷ್ಟೇ ಸಾಲದು ಅಂದರು. ಖಿನ್ನತೆಗೆ ಕೊಡುವ ಮಾತ್ರೆಯನ್ನೇ ಇದಕ್ಕೂ ಕೊಡುತ್ತಾರೆ, ಕೆಲವರಿಗೆ ತಿಂಗಳಿಡೀ, ಕೆಲವರಿಗೆ ಕೊನೆಯ ಎರಡು ವಾರ ಮಾತ್ರ.

ನಾನು ಹಿಂಜರಿದೆ. "ತಲೆ ಕೆಟ್ಟೋರಿಗೆ ಕೊಡೋ ಮಾತ್ರೆ ಅಂತಾರೆ, ಮೇಡಂ."

"ಯಾರು ಅಂತಾರೆ? ಅವರು ನಿನ್ ಹಾಳೆ ನೋಡಿದಾರಾ?"

ಹದಿನಾಲ್ಕನೇ ದಿನದಿಂದ ಶುರುಮಾಡಿ, ಮುಟ್ಟಾದ ದಿನ ನಿಲ್ಲಿಸುವುದು ಎಂದಾಯಿತು. ಮೊದಲ ತಿಂಗಳು ಹೊಟ್ಟೆ ತೊಳಸಿತು, ತಲೆ ನೋಯಿತು, ಬಿಟ್ಟುಬಿಡೋಣ ಅನ್ನಿಸಿತು. ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಮಗಳ ಜಡೆ ಹಾಕುತ್ತಿದ್ದೆ. ಮೇಲಿನ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಅದು ಎಷ್ಟು ಹೊತ್ತಿನಿಂದ ತಿರುಗುತ್ತಿದೆಯೋ, ನನಗೆ ಗೊತ್ತೇ ಆಗಿರಲಿಲ್ಲ. ಆವತ್ತು ಇಪ್ಪತ್ನಾಲ್ಕನೇ ದಿನ.

ಅಷ್ಟರಲ್ಲಿ ಅತ್ತೆಗೆ ಮಾತ್ರೆ ಸಿಕ್ಕಿತು. ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಹೋಗಿ ಏನಿದು ಎಂದು ಕೇಳಿದ್ದರು. ಅಂಗಡಿಯವನು ತಲೆ ಕಾಯಿಲೆಗೆ ಕೊಡೋದು ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದ್ದ. ಭಾನುವಾರ ಊಟವಾದ ಮೇಲೆ ಎಲ್ಲರನ್ನೂ ಕೆಳಗೆ ಕೂರಿಸಿದರು. ಅತ್ತೆ, ಭಾವ, ಓರಗಿತ್ತಿ, ನನ್ನ ಗಂಡ.

"ಹುಚ್ಚಿನ್ ಮಾತ್ರೆ ತಿಂತಿದಾಳೆ. ನಾಳೆ ನಮ್ ಹುಡುಗೀರ್ನ ಯಾರು ಮಾಡ್ಕೋತಾರೆ?" ಅಂದರು ಅತ್ತೆ.

ನಾನು ಮೇಲೆ ಹೋಗಿ ಹಾಳೆಗಳನ್ನು ತಂದೆ. ಒಂದೊಂದು ಸಾಲನ್ನೂ ಓದಿ ಹೇಳಿದೆ. ಯಾವುದು ಕೋಪ, ಯಾವುದು ನೋವು, ಯಾವ ದಿನ ಎಷ್ಟು, ಮಾತ್ರೆಗೆ ಮುಂಚೆ ಎಷ್ಟು, ಆಮೇಲೆ ಎಷ್ಟು. ಲಾರಿಗಳ ವಿಷಯವನ್ನೂ ಹೇಳಿದೆ. ಗಂಡನ ಮುಖ ಬಿಳಿಚಿಕೊಂಡಿತು. ಅವನಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೇಳಿ ಮುಗಿಸಿ, ಹಾಳೆಯನ್ನು ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

"ತೆಗಿಯಮ್ಮಾ ಅದನ್ನ," ಅಂದರು ಅತ್ತೆ. "ಬಂದೋರೆಲ್ಲಾ ನೋಡ್ತಾರೆ."

"ನೋಡ್ಲಿ ಅತ್ತೆ. ಪೆಂಡಾಲ್ ಹಾಕಿ ಇನ್ನೂರು ಜನಕ್ಕೆ ಊಟ ಹಾಕಿ ಹೇಳ್ಕೊಂಡ್ರಲ್ಲ, ಮಗು ದೊಡ್ಡವಳಾದ್ಲು ಅಂತ. ಅದನ್ನ ಹೇಳ್ಬಹುದು, ಇದನ್ನ ಹೇಳ್ಬಾರ್ದಾ?"

ಅತ್ತೆ ಎರಡು ದಿನ ಫ್ರಿಜ್ಜಿನ ಬಾಗಿಲನ್ನು ಮುಖ ಆ ಕಡೆ ಮಾಡಿ ತೆಗೆದರು. ಹಾಳೆಯನ್ನು ಮಾತ್ರ ಕಿತ್ತುಹಾಕಲಿಲ್ಲ. ಅಲ್ಲಿಂದಾಚೆ ಆಯಾ ತಿಂಗಳ ಹಾಳೆಗೆ ಅಲ್ಲೇ ನಿಂತು ಅಂಕ ಹಾಕತೊಡಗಿದೆ.

ಗೆದ್ದೆ ಅಂದುಕೊಂಡೆ. ಆದರೆ ಕಾಯಿಲೆಗೆ ಹೆಸರು ಸಿಕ್ಕ ಮೇಲೆ ಮನೆಯವರಿಗೆ ಹೊಸ ಆಯುಧ ಸಿಕ್ಕಿತ್ತು. ನಾನು ಏನಾದರೂ ಬೇಡ ಅಂದರೆ ಸಾಕು, ಗಂಡ ಫ್ರಿಜ್ಜಿನ ಕಡೆ ನೋಡಿ "ಇವತ್ತು ಎಷ್ಟನೇ ದಿನ?" ಅನ್ನುತ್ತಿದ್ದ. ಸಾರಿಗೆ ಉಪ್ಪು ಜಾಸ್ತಿ ಅಂದರೆ ಎಷ್ಟನೇ ದಿನ. ಸ್ಕೂಲ್ ಮೀಟಿಂಗಿಗೆ ನೀನೂ ಬಾ ಅಂದರೆ ಎಷ್ಟನೇ ದಿನ. ಮೊದಮೊದಲು ನಾನೂ ನಗುತ್ತಿದ್ದೆ.

ಆರತಿಯಾಗಿ ಆರೇಳು ತಿಂಗಳಾಗಿತ್ತು. ಭಾವನ ಮಗಳು ಶಾಲೆಯ ಕಬಡ್ಡಿ ತಂಡದಲ್ಲಿದ್ದಳು. ಇನ್ನು ಸಾಕು, ಬೆಳೆದ ಹುಡುಗಿ ಚಡ್ಡಿ ಹಾಕಿಕೊಂಡು ಮಣ್ಣಿನಲ್ಲಿ ಹೊರಳಾಡುವುದು ಬೇಡ ಎಂದು ಭಾವ ತೀರ್ಮಾನಿಸಿದ್ದರು. ರಾತ್ರಿಯ ಊಟಕ್ಕೆ ಕೂತಾಗ ಅದನ್ನು ಹೇಳಿದರು, ನಾಳೆ ಮಳೆ ಬರಬಹುದು ಅನ್ನುವ ಹಾಗೆ. ಹುಡುಗಿ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದಳು.

"ಅವಳನ್ನ ಒಂದು ಮಾತು ಕೇಳಿದ್ರಾ?" ಅಂದೆ.

"ಕೇಳೋದೇನಿದೆ?"

"ಆಡೋಳು ಅವಳು. ಮೈ ಅವಳದ್ದು. ಕೇಳ್ಬೇಕು."

ನನ್ನ ದನಿ ಏರಿತ್ತು, ನಿಜ. ಭಾವ ಮುಗುಳ್ನಕ್ಕು, "ಮಾತ್ರೆ ತಗೊಂಡ್ಯಾಮ್ಮಾ ಇವತ್ತು?" ಅಂದರು. ಓರಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ನನ್ನ ಗಂಡ ನಕ್ಕ. ಆ ನಗು ನನಗೆ ಕೊಟ್ಟ ನೋವನ್ನು ಯಾವ ಇಪ್ಪತ್ತೈದನೇ ದಿನವೂ ಕೊಟ್ಟಿರಲಿಲ್ಲ.

ನಾನು ಕೂಗಲಿಲ್ಲ. ಎದ್ದು, ಕೈ ತೊಳೆದು, ಫ್ರಿಜ್ಜಿನಿಂದ ಹಾಳೆಯನ್ನು ಬಿಡಿಸಿಕೊಂಡು ಬಂದು ತಟ್ಟೆಗಳ ನಡುವೆ ಇಟ್ಟೆ.

"ಓದಿ. ಇವತ್ತು ಒಂಬತ್ತನೇ ದಿನ. ಕೋಪ ಒಂದು, ಅಳು ಒಂದು, ನೋವು ಒಂದು. ಮಾತ್ರೆ ಶುರುವಾಗೋಕೆ ಇನ್ನೂ ಐದು ದಿನ ಇದೆ. ಈ ಕೋಪಕ್ಕೂ ಹಾರ್ಮೋನಿಗೂ ಸಂಬಂಧ ಇಲ್ಲ ಭಾವ. ಇದಕ್ಕೆ ಕಾರಣ ನೀವು."

ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಇನ್ನೊಂದು ಮಾತು. ಆರತಿ ದಿನ ಲೈಟ್ ತಳ್ಳಿದ್ದು ತಪ್ಪು. ಅದಕ್ಕೆ ಕ್ಷಮೆ ಕೇಳಿದೀನಿ. ಮಗೂಗೆ ನೋವಾಗ್ತಿದೆ ಅಂದಿದ್ದು ತಪ್ಪಲ್ಲ. ಅದು ಇಪ್ಪತ್ತೈದನೇ ದಿನ ಹೇಳಿದ್ರೂ ನಿಜಾನೇ, ಒಂಬತ್ತನೇ ದಿನ ಹೇಳಿದ್ರೂ ನಿಜಾನೇ. ಕಾಯಿಲೆ ನನ್ ದನೀನ ಜೋರು ಮಾಡುತ್ತೆ ಅಷ್ಟೇ. ಇಲ್ದೇ ಇರೋದನ್ನ ಹುಟ್ಟಿಸಲ್ಲ."

ಹುಡುಗಿ ತಟ್ಟೆಯಿಂದ ಕಣ್ಣೆತ್ತಿದಳು. "ನಾನು ಆಡ್ತೀನಿ ಅಪ್ಪಾ," ಅಂದಳು. ಅಷ್ಟು ಸಣ್ಣ ದನಿಯಲ್ಲಿ ಅಂದಳೆಂದರೆ ಭಾವ ಮತ್ತೊಮ್ಮೆ ಕೇಳಬೇಕಾಯಿತು. ಅವಳು ಮತ್ತೊಮ್ಮೆ ಹೇಳಿದಳು. ಭಾವ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಮರುದಿನ ಮಧ್ಯಾಹ್ನ ಲ್ಯಾಬಿನಿಂದ ಬಂದಾಗ ಕೆಳಗಿನ ತಂತಿಯ ಮೇಲೆ ಕಬಡ್ಡಿಯ ಜೆರ್ಸಿ ಒಣಗುತ್ತಿತ್ತು. ಒಗೆದು ಹಾಕಿದವಳು ಓರಗಿತ್ತಿ. ನನ್ನೊಡನೆ ಆ ವಿಷಯ ಅವಳು ಮಾತಾಡಲೇ ಇಲ್ಲ, ಇವತ್ತಿನವರೆಗೂ.

ಗಂಡ "ತಮಾಷೆಗೆ ನಕ್ಕೆ ಕಣೇ" ಅಂದ. ತಮಾಷೆ ಅಲ್ಲ ಎಂದು ನಾನು ಹೇಳಿದೆ. ಎಷ್ಟನೇ ದಿನ ಎಂದು ಕೇಳುವುದಾದರೆ ಕೆಲಸ ಹಂಚಿಕೊಳ್ಳುವುದಕ್ಕೆ ಕೇಳು, ಬಾಯಿ ಮುಚ್ಚಿಸುವುದಕ್ಕೆ ಬೇಡ ಅಂದೆ. ಹಾಗೆ ಮಾಡಿದರೆ ನಾನು ಮಗಳನ್ನು ಕರೆದುಕೊಂಡು ಹೊರಡುತ್ತೇನೆ, ಆ ದಿನವೂ ಹಾಳೆಯಲ್ಲಿ ಎಲ್ಲದಕ್ಕೂ ಒಂದು ಅಂಕವೇ ಇರುತ್ತದೆ ಅಂದೆ. ಮುಂದಿನ ಸಲ ಕಾಕ್ಸ್ ಟೌನಿಗೆ ಅವನೂ ಬಂದ. ಡಾಕ್ಟರ ಮುಂದೆ ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಕೂತಿದ್ದ. ಲಾರಿಗಳ ದಿನ ತಾನು ಏನು ಮಾಡಬಹುದಿತ್ತು ಎಂದು ಕೇಳಿದ. "ತಲೆ ಎತ್ತಿ ನೋಡ್ಬಹುದಿತ್ತು," ಅಂದರು ಅವರು. ಶೂ ಲೇಸಿನ ವಿಷಯ ನಾನು ಅವರಿಗೆ ಮೊದಲೇ ಹೇಳಿದ್ದೆ.

ಈಗ ಮೂರು ವರ್ಷವಾಯಿತು. ಎಲ್ಲ ಮಾಯವಾಯಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ವರ್ಷದಲ್ಲಿ ಎರಡು ಮೂರು ತಿಂಗಳು ಈಗಲೂ ನಾಲ್ಕು, ಐದು ಬರುತ್ತವೆ. ಒಮ್ಮೆ ಮಾತ್ರೆ ಬದಲಿಸಬೇಕಾಯಿತು. ಆ ದಿನಗಳಲ್ಲಿ ನಾನು ಕೌಂಟರಿನಲ್ಲಿ ನಿಲ್ಲುವುದಿಲ್ಲ, ಒಳಗೆ ಸ್ಯಾಂಪಲ್ ಕೆಲಸ ಮಾಡುತ್ತೇನೆ. ಕಾರಣ ಏನೆಂದು ಮ್ಯಾನೇಜರು ಕೇಳಿದಾಗ ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಅವರು "ತಲೆನೋವು ಅಂತ ಹಾಕಿದ್ರೆ ಸಾಕಿತ್ತು" ಅಂದರು. ನನಗೆ ಸಾಕಿರಲಿಲ್ಲ.

ಈಚೆಗೆ ಅವರ ಕೈಯಿಂದ ಒಂದು ವಾರ್ನಿಂಗ್ ಕೂಡ ತೆಗೆದುಕೊಂಡೆ. ಫ್ರೇಜರ್ ಟೌನಿನಿಂದ ಬಂದ ಒಬ್ಬಳು ಹೆಂಗಸು, ನನ್ನಷ್ಟೇ ವಯಸ್ಸು, ಹಾರ್ಮೋನಿನ ರಿಪೋರ್ಟು ಹಿಡಿದು ಕುರ್ಚಿಯಿಂದ ಏಳದೆ ಕೂತಿದ್ದಳು. ಎಲ್ಲ ನಾರ್ಮಲ್. "ಹಂಗಾದ್ರೆ ನನ್ಗೇನಾಗ್ತಿದೆ?" ಎಂದು ಯಾರನ್ನೂ ನೋಡದೆ ಕೇಳಿದಳು. ನಾನು ಗ್ಲೌಸು ಬಿಚ್ಚಿ ಅವಳ ಪಕ್ಕ ಕೂತೆ. ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಎಂದು ಕೇಳಿದೆ. ಖಾಲಿ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿ, ಎರಡು ತಿಂಗಳು ಹೀಗೆ ತುಂಬಿ, ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ ಅಂದೆ. ತುಂಬಾ ಕಷ್ಟ ಅನ್ನಿಸಿದರೆ ಎರಡು ತಿಂಗಳು ಕಾಯಬೇಡಿ ಅಂತಲೂ ಅಂದೆ. ಸಾಲಿನಲ್ಲಿದ್ದವರು ಗೊಣಗಿದರು. ಮ್ಯಾನೇಜರು ಒಳಗೆ ಕರೆದರು.

"ರಿಪೋರ್ಟ್ ಬಗ್ಗೆ ಪೇಷೆಂಟ್ ಹತ್ರ ಮಾತಾಡ್ಬಾರ್ದು ಅಂತ ರೂಲ್ಸ್ ಗೊತ್ತಲ್ವಾ?"

"ಗೊತ್ತು ಸಾರ್. ರಿಪೋರ್ಟ್ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ಅದರಲ್ಲಿ ಇಲ್ದೇ ಇರೋದರ ಬಗ್ಗೆ ಮಾತಾಡ್ದೆ."

ಅವರು ವಾರ್ನಿಂಗ್ ಪತ್ರವನ್ನು ನನ್ನ ಕಡೆ ತಳ್ಳಿದರು. ಸಹಿ ಹಾಕಿದೆ. ಕೆಳಗೆ ಒಂದು ಸಾಲು ಸೇರಿಸಿದೆ: ಓದಿದ್ದೇನೆ, ಒಪ್ಪುವುದಿಲ್ಲ. ಹೊರಗೆ ಸಾಲು ಬಾಗಿಲವರೆಗೂ ಬೆಳೆದಿತ್ತು. ಗೆಳತಿ ಮುಂದಿನ ನಂಬರು ಕೂಗಿದಳು. ನಾನು ಹೊಸ ಗ್ಲೌಸು ಹಾಕಿಕೊಂಡು ಕುರ್ಚಿಯ ಪಕ್ಕ ಹೋಗಿ ನಿಂತೆ.